ಹಿತ್ತಲಲ್ಲಿ ಮೀಟರ್‌ಗೇಜ್

ಎಂಜಿನ್ನು, ಬೋಗಿ, ಸ್ಟೇಷನ್ನು, ಸಿಗ್ನಲ್ಲು ಎಲ್ಲವನ್ನೂ ಕುಗ್ಗಿಸಿ ಅಂಗೈ ಮೇಲಿಡಬಹುದು. ಬಿಸಿಲನ್ನು ಕುಗ್ಗಿಸಲಾಗದು! ಅನಂತಪುರ ಜಿಲ್ಲೆಯ ಡಿ. ಹಿರೇಹಾಳ್‌ ಸೀಮೆಯ ಹಿತ್ತಲಲ್ಲಿ ಒಂದು ಸುತ್ತು ಆಟದ ಹಳಿ ಹಾಕಹೊರಟರೆ ನಿಜವಾದ ರೈಲ್ವೆ ಎಂಜಿನಿಯರನ ತಲೆನೋವೆಲ್ಲ ಮನೆ ಬಾಗಿಲಿಗೆ ಬರುತ್ತದೆ. ರಜೆಯ ಮಕ್ಕಳಿಗೆ, ಅವರಿಗಿಂತ ಉತ್ಸಾಹದ ಅಪ್ಪಂದಿರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಏಪ್ರಿಲ್‌ನ ನಡುಮಧ್ಯಾಹ್ನ. ಬಳ್ಳಾರಿಯಿಂದ ರಾಯದುರ್ಗದತ್ತ ಓಡುವ ಹಳಿ ಓಬುಳಾಪುರಂ ಬಳಿ ಕಾದು ಕೆಂಡವಾಗಿದೆ. ಅತ್ತ ಅದಿರಿನ ಕೆಂಪು ಗುಡ್ಡ, ಇತ್ತ ಕೊಯ್ಲು ಮುಗಿದು ಬಿರುಕುಬಿಟ್ಟ ಎರೆಹೊಲ. ನಡುವೆ ತಲೆಗೆ ಟವಲ್ ಸುತ್ತಿ, ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ ಹೊತ್ತ ಕೀಮ್ಯಾನ್ ಒಬ್ಬನೇ ನಡೆದು ಬರುತ್ತಿದ್ದಾನೆ.

ನಡುನಡುವೆ ನಿಲ್ಲುತ್ತಾನೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ಹಳಿ ನೆಟ್ಟಗಿದೆಯೋ ಇಲ್ಲವೋ ನೋಡುತ್ತಾನೆ. ಸಡಿಲಾದ ಕ್ಲಿಪ್ಪಿಗೆ ಎರಡೇಟು ಹಾಕಿ ಮುಂದಕ್ಕೆ ಹೊರಡುತ್ತಾನೆ.

ನಲವತ್ತು ಡಿಗ್ರಿ ದಾಟಿದ ದಿನ ಉಕ್ಕಿನ ಹಳಿಯ ಶಾಖ ಸುತ್ತಲ ಗಾಳಿಗಿಂತ ಹದಿನೈದು–ಇಪ್ಪತ್ತು ಡಿಗ್ರಿ ಮೇಲೇರುತ್ತದೆ. ಶಾಖಕ್ಕೆ ಹಳಿ ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಹಾವಿನಂತೆ ಪಕ್ಕಕ್ಕೆ ಡೊಂಕಾಗುತ್ತದೆ. ರೈಲ್ವೆಯವರು ಬೇಸಿಗೆಯಲ್ಲಿ ಹಳಿಗೆ ವಿಶೇಷ ಗಸ್ತು ಹಾಕುವುದು ಇದಕ್ಕೇ.

ಈ ಕೀಮ್ಯಾನ್‌ನ ಕೆಲಸವನ್ನು ಯಾರೂ ಹೇಳದೆಯೇ, ಸಂಬಳವೂ ಇಲ್ಲದೆ, ಮೈಮೇಲೆ ಎಳೆದುಕೊಳ್ಳುವ ಜನ ಲೋಕದಲ್ಲಿದ್ದಾರೆ. ಅವರು ತಮ್ಮ ಮನೆಯ ಹಿತ್ತಲಲ್ಲಿ ರೈಲು ಓಡಿಸುವವರು.

ಹೆಂಡತಿಯ ಹೂದೋಟದ ಕೆಳಗೊಂದು ಸುರಂಗ

ಈ ಹುಚ್ಚು ಹಿಡಿದವರಲ್ಲಿ ಜಗತ್ತೇ ಬಲ್ಲ ಹೆಸರು ವಾಲ್ಟ್ ಡಿಸ್ನಿ. ಮಿಕ್ಕಿ ಮೌಸ್‌ನ ಈ ಜನಕ 1950ರಲ್ಲಿ ಲಾಸ್ ಏಂಜಲೀಸ್‌ನ ಹೊಸ ಮನೆಯ ಹಿತ್ತಲಲ್ಲಿ ಏಳೂಕಾಲು ಇಂಚು ಅಗಲದ ಹಳಿ ಹಾಕಿಸಿದರು. ಒಟ್ಟು ಉದ್ದ 2,615 ಅಡಿ. ನಿಜವಾದ ಹಬೆಯಲ್ಲೇ ಓಡುವ ಎಂಜಿನ್ನಿಗೆ ಹೆಂಡತಿ ಲಿಲಿಯನ್ ಹೆಸರಿನಿಂದಲೇ 'ಲಿಲ್ಲಿ ಬೆಲ್' ಎಂದು ನಾಮಕರಣವಾಯಿತು.

ಹೆಸರಿಟ್ಟಿದ್ದಕ್ಕೆ ಕಾರಣವೂ ಇತ್ತೆನ್ನಿ. ಹಳಿಯ ದಾರಿಗೆ ಆಕೆಯ ಹೂದೋಟ ಅಡ್ಡ ಬಂದಿತ್ತು. ತೋಟ ಕೆಡಿಸುವ ಧೈರ್ಯ ಡಿಸ್ನಿಗೂ ಇರಲಿಲ್ಲ. ಅದರ ಅಡಿಯಲ್ಲೇ 90 ಅಡಿ ಉದ್ದದ ಸುರಂಗ ತೋಡಿಸಿದರು. ಒಳಹೊಕ್ಕವರಿಗೆ ಆಚೆ ತುದಿಯ ಬೆಳಕು ಕಾಣಬಾರದೆಂದು ಅದನ್ನು ಬಳುಕಿಸಿದರು. ಮನೆಯ ಜಾಗದಲ್ಲಿ ಹಳಿ ಹಾಯಲು ಹೆಂಡತಿ–ಮಕ್ಕಳ ಜೊತೆ ಕರಾರುಪತ್ರವನ್ನೂ ಮಾಡಿಕೊಂಡರು.

1953ರಲ್ಲಿ ತಿರುವಿನಲ್ಲಿ ಗಾಡಿ ಹಳಿತಪ್ಪಿತು. ಹಬೆ ತಾಗಿ ಪುಟ್ಟ ಹುಡುಗಿಗೆ ಸುಟ್ಟಗಾಯವಾಯಿತು. ಡಿಸ್ನಿ ಅಲ್ಲಿಗೆ ಹಿತ್ತಲ ರೈಲು ನಿಲ್ಲಿಸಿದರು. ಆದರೆ ಹುಚ್ಚು ನಿಲ್ಲಲಿಲ್ಲ: 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಅದರ ಸುತ್ತಲೂ ರೈಲು ಓಡುತ್ತಿತ್ತು.

ಜನ ಕೂತು ಸವಾರಿ ಮಾಡುವ ಅಂಥ ರೈಲಿಗೆ ಜಾಗವೂ ಬೇಕು, ಗಂಟೂ ಬೇಕು. ನಮ್ಮ ಅಳವಿಗೆ ಸಿಗುವುದು ಅದರ ತಮ್ಮ: 45 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುವ 'ಗಾರ್ಡನ್ ರೈಲ್ವೆ'.

ಹೋದ ಹಳಿಯ ಅಳತೆ

ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ 1968ರಲ್ಲಿ 'ಎಲ್‌ಜಿಬಿ' ಎಂಬ ದೊಡ್ಡ ಗಾತ್ರದ ಆಟಿಕೆ ರೈಲನ್ನು ಮಾರುಕಟ್ಟೆಗೆ ತಂದಿತು. ಅದುವರೆಗೆ ಮಾದರಿ ರೈಲು ಎಂದರೆ ಬಹುಮಟ್ಟಿಗೆ ಕೋಣೆಯೊಳಗಿನ ಮೇಜಿನ ಆಟ. ಇದು ಮಳೆ–ಬಿಸಿಲು ತಾಳಿಕೊಂಡು ತೋಟದಲ್ಲಿ ಓಡುವ ರೈಲು. ಹಳಿಯ ಅಗಲ 45 ಮಿ.ಮೀ. ಗಾತ್ರ, ಅಸಲಿನ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು.

ಈಗ ಒಂದು ಗುಣಾಕಾರ ಮಾಡಿ. 45ನ್ನು ಇಪ್ಪತ್ತೆರಡೂವರೆಯಿಂದ ಗುಣಿಸಿದರೆ 1,012. ಅಂದರೆ ಹೆಚ್ಚೂಕಡಿಮೆ ಒಂದು ಮೀಟರ್. ಈ ಆಟಿಕೆ ಕುಗ್ಗಿಸಿಟ್ಟಿರುವುದು ಮೀಟರ್‌ಗೇಜ್ ರೈಲನ್ನು!

ಬಳ್ಳಾರಿ–ರಾಯದುರ್ಗದ ಜನರಿಗೆ ಮೀಟರ್‌ಗೇಜ್ ಪರಿಚಯ ಹೇಳಬೇಕಿಲ್ಲ. ಸುಮಾರು 50 ಕಿ.ಮೀ. ಉದ್ದದ ಈ ಕವಲು ಹುಟ್ಟಿದ್ದೇ ಮೀಟರ್‌ಗೇಜ್ ಆಗಿ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. ಹಿರೇಹಾಳದ ಕನ್ನಡ ಮನೆಗಳು ಗಡಿಯ ಆಚೆ ಉಳಿದವು. ಹಳಿ ಮಾತ್ರ ಎರಡೂ ರಾಜ್ಯಗಳನ್ನು ಹೊಲಿದಿಟ್ಟ ದಾರವಾಗಿ ಇದ್ದಲ್ಲೇ ಇತ್ತು.

1992ರಲ್ಲಿ ರೈಲ್ವೆ ಇಲಾಖೆ ದೇಶಕ್ಕೆಲ್ಲ ಒಂದೇ ಅಗಲದ ಹಳಿ ಎಂಬ ಯುನಿಗೇಜ್ ಯೋಜನೆ ಕೈಗೆತ್ತಿಕೊಂಡಿತು. ಊರೂರಲ್ಲಿ ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಬಂತು, ಈ ಕವಲಿಗೂ ಬಂತು. ಅದಿರು ಹೊತ್ತ ಗೂಡ್ಸ್ ಗಾಡಿಗಳಿಗೆ ಅದೇ ಸರಿಯಾದ ಹಳಿ, ದೂರಬೇಕಾದ್ದಿಲ್ಲ. ಆದರೆ ಅಜ್ಜ ಹತ್ತಿದ ಆ ಪುಟ್ಟ ಗಾಡಿ ಹೇಗಿತ್ತೆಂದು ಮೊಮ್ಮಗಳಿಗೆ ತೋರಿಸಬೇಕಾದರೆ ಇವತ್ತು ಹತ್ತಿರದ ದಾರಿ ಎರಡೇ: ಮ್ಯೂಸಿಯಂ, ಇಲ್ಲವೇ ಹಿತ್ತಲು.

---

■ 45ರ ಲೆಕ್ಕ

● ಗಂಟೆಗೆ 40 ಕಿ.ಮೀ. ಓಡುವ ಪ್ಯಾಸೆಂಜರ್ ಗಾಡಿ ಹಿತ್ತಲಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಚಲಿಸಿದರೆ ಸಾಕು. ಅದಕ್ಕಿಂತ ಜೋರಾದರೆ ಅದು ರೈಲಲ್ಲ, ರೇಸು.

● ಆರಡಿಯ ಸ್ಟೇಷನ್ ಮಾಸ್ತರರ ಎತ್ತರ ಎಂಟು ಸೆಂಟಿಮೀಟರ್. ಒಂದಡಿಯ ಗಿಡ ಇಪ್ಪತ್ತೆರಡೂವರೆ ಅಡಿಯ ಮರ.

● ತೂಕ ಇಳಿಯುವುದು ಮೂರು ದಿಕ್ಕಿನಲ್ಲಿ: ಉದ್ದ, ಅಗಲ, ಎತ್ತರ. ಹೀಗಾಗಿ 100 ಟನ್ ಎಂಜಿನ್ನು ಒಂಬತ್ತು ಕಿಲೋಗೂ ಕಡಿಮೆ.

● ಬಳ್ಳಾರಿಯಿಂದ ರಾಯದುರ್ಗದವರೆಗೆ ಇದೇ ಅಳತೆಯಲ್ಲಿ ಹಳಿ ಹಾಕಿದರೆ ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದ. ಹಿತ್ತಲು ಸಾಲದು!

---

ಮೊದಲ ಶತ್ರು: ತಿರುವು

ಅಂಗಡಿಯಿಂದ ಬರುವ ಎಲ್‌ಜಿಬಿ ಪೆಟ್ಟಿಗೆಯಲ್ಲಿರುವ ಬಾಗಿದ ಹಳಿಗಳು ಹನ್ನೆರಡು. ಜೋಡಿಸಿದರೆ 60 ಸೆಂ.ಮೀ. ತ್ರಿಜ್ಯದ ವೃತ್ತ. ನಡುಮನೆಯ ನೆಲಕ್ಕೆ ಚಂದ.

ನಿಜವಾದ ರೈಲ್ವೆ ಏನನ್ನುತ್ತದೆ? ಮೀಟರ್‌ಗೇಜ್‌ನ ಅತಿ ಬಿಗಿ ತಿರುವಿಗೆ ನಮ್ಮಲ್ಲಿ 16 ಡಿಗ್ರಿ ಮಿತಿ, ಅಂದರೆ ಸುಮಾರು 109 ಮೀಟರ್ ತ್ರಿಜ್ಯ. ಕುಗ್ಗಿಸಿದರೆ ಐದು ಮೀಟರಿಗೆ ತುಸು ಕಡಿಮೆ. ಪೆಟ್ಟಿಗೆಯ ತಿರುವು ಅದರ ಎಂಟರಲ್ಲಿ ಒಂದು ಪಾಲೂ ಇಲ್ಲ. ಉದ್ದನೆಯ ಬೋಗಿಯನ್ನು ಅಲ್ಲಿ ಓಡಿಸಿದರೆ ಮೂಲೆಗಳು ಹಳಿಯಿಂದಾಚೆ ಚಾಚಿಕೊಳ್ಳುತ್ತವೆ, ಕೊಂಡಿ ಎಳೆದು ಹಳಿ ತಪ್ಪುತ್ತದೆ.

ಮಧ್ಯದ ದಾರಿ ಹಿಡಿಯೋಣ. ಎಂಟು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗವಿದ್ದರೆ ಒಂದೂವರೆ ಮೀಟರ್ ತ್ರಿಜ್ಯದ ಎರಡು ಅರ್ಧವೃತ್ತ, ನಡುವೆ ಐದೈದು ಮೀಟರಿನ ಎರಡು ನೇರ. ಒಟ್ಟು ಸುತ್ತು ಹತ್ತೊಂಬತ್ತೂವರೆ ಮೀಟರ್. ಪ್ಯಾಸೆಂಜರ್ ವೇಗದಲ್ಲಿ ಒಂದು ಪ್ರದಕ್ಷಿಣೆಗೆ ನಲವತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ. ನಾಲ್ಕು ಚಕ್ರದ ಗಿಡ್ಡ ಡಬ್ಬಿಗಳಾದರೆ ಈ ತಿರುವಿನಲ್ಲಿ ಸಲೀಸು.

ಎರಡನೆಯ ಶತ್ರು: ನೆಲ

ಈ ಸೀಮೆಯ ನೆಲದಲ್ಲಿ ಎರಡು ಜಾತಿ: ಮಸಾರಿ ಮತ್ತು ಎರೆ. ಹಿತ್ತಲು ಮಸಾರಿಯಾಗಿದ್ದರೆ ನಿಮ್ಮ ಪುಣ್ಯ. ಎರೆಯಾಗಿದ್ದರೆ ಎಚ್ಚರ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮನೆಯ ಗೋಡೆಯನ್ನೇ ಸೀಳುವ ಮಣ್ಣಿಗೆ ಬೆರಳ ಗಾತ್ರದ ಹಳಿ ಯಾವ ಲೆಕ್ಕ?

ಗೌಂಡಿಗಳು ಮನೆ ಪಾಯಕ್ಕೆ ಮಾಡುವುದನ್ನೇ ಇಲ್ಲಿ ಚಿಕ್ಕದಾಗಿ ಮಾಡಬೇಕು. ಹಳಿಯ ದಾರಿಯುದ್ದಕ್ಕೂ ಒಂದಡಿ ಆಳ, ಒಂದಡಿ ಅಗಲ ಎರೆ ತೆಗೆದು, ಗರಸು ತುಂಬಿ, ನೀರು ಹೊಡೆದು, ದಮ್ಮಸು ಹಾಕಬೇಕು. ಮೇಲೆ ಸಣ್ಣ ಜಲ್ಲಿ. ಜಲ್ಲಿಯೊಳಗೆ ಹಳಿ ತೇಲಿದಂತೆ ಕೂರಬೇಕು. ದೊಡ್ಡ ರೈಲಿನ ಹಳಿಯೂ ಕೂತಿರುವುದು ಹಾಗೆಯೇ.

ಇನ್ನೊಂದು ಉಪಾಯ ಹಳಿಯನ್ನೇ ಎತ್ತರಿಸುವುದು. ಹೊಲದ ಬೇಲಿಗೆ ನೆಡುವ ಕಲ್ಲುಕಂಬ ಇಲ್ಲಿ ಹೇರಳ. ಮೊಣಕಾಲಿಗಿಂತ ಮೇಲಕ್ಕೆ ಬರುವಂತೆ ಕಂಬ ನೆಟ್ಟು, ಅಡ್ಡಲಾಗಿ ಬೇತಂಚೆರ್ಲ ಬಂಡೆ ಹಾಸಿದರೆ ಗಟ್ಟಿಯಾದ ಮೇಲ್ಸೇತುವೆ ಸಿದ್ಧ. ಬಂಡೆಯ ಮೇಲೂ ಜಲ್ಲಿ ಹರಡಿಯೇ ಹಳಿ ಕೂರಿಸಬೇಕು. ಬಗ್ಗಿ ಸೊಂಟ ಹಿಡಿಸಿಕೊಳ್ಳುವುದು ತಪ್ಪುತ್ತದೆ. ಚೇಳಿನ ಭಯ, ಕೋಳಿ ಕೆದಕುವ ಕಾಟ ಎರಡೂ ಕಡಿಮೆ.

ಮಟ್ಟ ನೋಡಲು ಬೇರೆ ಯಂತ್ರ ಬೇಡ. ಗೌಂಡಿಯ ಬಳಿ ನೀರು ತುಂಬಿದ ಟ್ಯೂಬ್ ಇದೆ, ರಸಮಟ್ಟ ಇದೆ. ಮೊದಲ ಸುತ್ತು ಸಪಾಟಾಗಿಯೇ ಇರಲಿ. ಏರಿನ ಆಸೆ ಇದ್ದರೆ ನೂರಡಿಗೆ ಒಂದಡಿ, ಅದಕ್ಕಿಂತ ಹೆಚ್ಚು ಬೇಡ.

ಮೂರನೆಯ ಶತ್ರು, ದೊಡ್ಡ ಶತ್ರು: ಬಿಸಿಲು

ಆಟಿಕೆ ಹಳಿಯನ್ನು ಸಾಮಾನ್ಯವಾಗಿ ಹಿತ್ತಾಳೆಯಿಂದ ಮಾಡುತ್ತಾರೆ. ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ. ಆದರೆ ಶಾಖಕ್ಕೆ ಹಿತ್ತಾಳೆ ಉಕ್ಕಿಗಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ.

ಡಿಸೆಂಬರ್ ಬೆಳಗಿನ 15 ಡಿಗ್ರಿ ಚಳಿಗೂ ಮೇ ಮಧ್ಯಾಹ್ನ ಹಳಿಗೇರುವ 60 ಡಿಗ್ರಿಗೂ ನಡುವೆ 45 ಡಿಗ್ರಿ ಅಂತರ. ನಮ್ಮ ಹತ್ತೊಂಬತ್ತೂವರೆ ಮೀಟರ್ ಸುತ್ತು ಹಿತ್ತಾಳೆಯದಾದರೆ ಈ ಅಂತರದಲ್ಲಿ 16ರಿಂದ 17 ಮಿ.ಮೀ. ಬೆಳೆಯುತ್ತದೆ. ಉಕ್ಕಿನದಾದರೆ ಹತ್ತೂವರೆ. ರೈಲು ಕುಗ್ಗಿದೆ ಎಂದು ಸೂರ್ಯ ರಿಯಾಯಿತಿ ಕೊಡುವುದಿಲ್ಲ.

ಬೆಳೆದ ಹಳಿ ಎಲ್ಲಿಗೆ ಹೋಗಬೇಕು? ಹೊಸಬರು ಮೊದಲು ಎಡವುವುದು ಇಲ್ಲೇ. ಗಟ್ಟಿಯಾಗಿರಲಿ ಎಂದು ಹಳಿಯನ್ನು ಕಾಂಕ್ರೀಟಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಏಪ್ರಿಲ್ ಬಂದಾಗ ಸ್ಕ್ರೂ ಕೀಳುತ್ತದೆ, ಇಲ್ಲವೇ ಹಳಿ ನುಲಿಯುತ್ತದೆ. ಜಲ್ಲಿಯಲ್ಲಿ ಬಿಡಿಯಾಗಿ ಕೂತ ಸುತ್ತಿಗೆ ಈ ತಾಪತ್ರಯವಿಲ್ಲ. ಅದರ ಎರಡು ತುದಿಗಳೂ ತಲಾ ಮೂರೂವರೆ ಮಿ.ಮೀ. ಹೊರಕ್ಕೆ ಜರುಗಿದರೆ ಹಿಗ್ಗಿದ್ದೆಲ್ಲ ಹಿಡಿಸುತ್ತದೆ. ಸಂಜೆ ತಣ್ಣಗಾದಾಗ ವಾಪಸು ಬರುತ್ತದೆ. ಹಳಿಯ ಕೂಡುಗಳಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರಂತೂ ಇನ್ನೂ ನಿಶ್ಚಿಂತೆ.

ಬೇಸಿಗೆಯಲ್ಲಿ ಹಾಕುವವರು ಸಂದು ಕಡಿಮೆ ಬಿಡಬೇಕು, ಚಳಿಗಾಲದಲ್ಲಿ ಹಾಕುವವರು ಜಾಸ್ತಿ. ಮೇ ತಿಂಗಳಲ್ಲಿ ಹಿಗ್ಗಿ ನಿಂತ ಹಳಿಗೆ ಮತ್ತೆ ಸಂದು ಕೊಟ್ಟರೆ ಡಿಸೆಂಬರಿನಲ್ಲಿ ಚಕ್ರ ಬೀಳುವಷ್ಟು ಬಾಯಿ ತೆರೆಯುತ್ತದೆ.

ಎಂಜಿನ್ನೂ ಬಿಸಿಲಿಗೆ ಹೆದರಬೇಕು. ಪ್ಲಾಸ್ಟಿಕ್ ಮೈ ಬಿಳಿಚಿಕೊಂಡು ಪೆಡಸಾಗುತ್ತದೆ, ಲಿಥಿಯಂ ಬ್ಯಾಟರಿ ಕಾದ ಡಬ್ಬಿಯೊಳಗೆ ಬೇಗ ಸಾಯುತ್ತದೆ. ಹಳಿ ಹೊರಗೇ ಇರಲಿ, ಗಾಡಿ ನೆರಳಿನ ಶೆಡ್ಡಿಗೆ ಹೋಗಲಿ. ಓಡಾಟ ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ. ಹಿರೇಹಾಳದ ದನ–ಕುರಿಗಳ ಟೈಮ್‌ಟೇಬಲ್ ಕೂಡ ಅದೇ ಅಲ್ಲವೆ?

ಜರ್ಮನಿ ಯಾಕೆ, ಫ್ಯಾಬ್ರಿಕೇಷನ್ ಅಂಗಡಿ ಇರುವಾಗ?

ವಿದೇಶದ ಹಳಿ ದುಬಾರಿ. ಸುತ್ತೆಲ್ಲ ಅದನ್ನೇ ಹಾಕಹೊರಟರೆ ಮನೆಯಲ್ಲಿ ಡಿಸ್ನಿಯ ಕರಾರುಪತ್ರಕ್ಕಿಂತ ದೊಡ್ಡ ಪತ್ರ ಬರೆದುಕೊಡಬೇಕಾದೀತು.

ಮಾದರಿ ರೈಲಿನವರಿಗೆ ಇದಕ್ಕೊಂದು ಹಳೆಯ ಪರಿಹಾರ ಗೊತ್ತು: ಕಬ್ಬಿಣದ ಫ್ಲಾಟ್ ಪಟ್ಟಿ. ಕಿಟಕಿ ಗ್ರಿಲ್ ಮಾಡುವ ಅಂಗಡಿಯಲ್ಲಿ ತೆಳು ಪಟ್ಟಿ ಸಿಗುತ್ತದೆ. ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಅಡ್ಡಪಟ್ಟಿಗೆ ವೆಲ್ಡ್ ಮಾಡಿದರೆ ಹಳಿ. ನಿಂತ ಪಟ್ಟಿ ಪಕ್ಕಕ್ಕೆ ಸುಲಭವಾಗಿ ಬಾಗುತ್ತದೆ, ತಿರುವಿಗೂ ತೊಂದರೆಯಿಲ್ಲ. ತುಕ್ಕು ಬರುತ್ತದೆ, ನಿಜ. ಆದರೆ ಅನಂತಪುರ ಜಿಲ್ಲೆ ದೇಶದಲ್ಲೇ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಮಳೆರಾಯನ ಆ ಮುನಿಸು ಹಿತ್ತಲ ರೈಲ್ವೆಗಾದರೂ ಉಪಕಾರಕ್ಕೆ ಬರಲಿ!

ಎರಡು ಪಟ್ಟಿಗಳ ಒಳಅಂಚುಗಳ ನಡುವೆ 45 ಮಿ.ಮೀ. ತಪ್ಪದಂತೆ ಕಾಯುವುದೇ ಇಲ್ಲಿಯ ಕೌಶಲ. ಸಾಗುವಾನಿಯ ತುಂಡೊಂದನ್ನು ಸರಿಯಾಗಿ 45ಕ್ಕೆ ಕೊಯ್ದು, ಹಳಿಯ ನಡುವೆ ಇಟ್ಟು ಜಾರಿಸುತ್ತಾ ಹೋಗಬೇಕು. ಸಿಕ್ಕಿಕೊಂಡರೆ ಹಳಿ ಬಿಗಿ, ಅಲ್ಲಾಡಿದರೆ ಸಡಿಲು. ತಿರುವಿನಲ್ಲಿ ಮಾತ್ರ ಒಂದು ಮಿ.ಮೀ. ಸಡಿಲ ಬಿಡಬೇಕು. ದೊಡ್ಡ ರೈಲ್ವೆಯೂ ಬಿಗಿ ತಿರುವಿನಲ್ಲಿ ಗೇಜನ್ನು ತುಸು ಅಗಲಿಸುತ್ತದೆ.

ಮರದ ಸ್ಲೀಪರ್ ಬೇಕೆನ್ನುವವರಿಗೆ ಲೆಕ್ಕ ಹೀಗಿದೆ. ಮೀಟರ್‌ಗೇಜ್ ಸ್ಲೀಪರಿನ ಉದ್ದ 1,800 ಮಿ.ಮೀ., ಅಗಲ 200. ನಮಗೆ ಬೇಕಾದ್ದು 80 ಮಿ.ಮೀ. ಉದ್ದ, ಒಂಬತ್ತು ಮಿ.ಮೀ. ಅಗಲದ ಚೂರು. ಬಡಗಿಯ ಅಂಗಡಿಯ ಕಸದಲ್ಲೇ ನೂರಾರು ಸಿಗುತ್ತವೆ.

ಇನ್ನು ವಿದ್ಯುತ್ತು. ಹಳಿಯ ಮೂಲಕ ಕರೆಂಟು ಕೊಡುವುದು ಹಳೆಯ ಪದ್ಧತಿ. ಈ ಸೀಮೆಯ ಗಾಳಿಯಲ್ಲಿ ಧೂಳು ಯಾವಾಗಲೂ ಇದ್ದದ್ದೇ. ಹಳಿಗೂ ಚಕ್ರಕ್ಕೂ ನಡುವೆ ತೆಳು ಪದರ ಕೂತರೆ ಎಂಜಿನ್ನು ತಡವರಿಸುತ್ತದೆ, ದಿನಾ ಉಜ್ಜುವ ಕೆಲಸ. ಆದ್ದರಿಂದ ಎಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಬ್ಯಾಟರಿ ಇಟ್ಟು, ರಿಮೋಟಿನಿಂದ ಓಡಿಸುವುದೇ ಲೇಸು. ಹಳಿಗೆ ಕರೆಂಟಿಲ್ಲದ ಕಾರಣ ಕಬ್ಬಿಣದ ಪಟ್ಟಿಗೂ ಅಡ್ಡಿಯಿಲ್ಲ, ಮುಟ್ಟುವ ಮಕ್ಕಳಿಗೂ ಭಯವಿಲ್ಲ.

ಕಾಮಕಸ್ತೂರಿಯ ಕಾಡು

ಹಳಿ ಹಾಕಿದ ಮೇಲೆ ಊರು ಕಟ್ಟಬೇಕಲ್ಲ! ತೋಟದ ರೈಲಿನ ಸೊಗಸಿರುವುದು ಜೀವಂತ ಗಿಡಗಳಲ್ಲಿ. ಗಿಡ ಚಿಕ್ಕದಿದ್ದರೆ ಸಾಲದು, ಎಲೆಯೂ ಚಿಕ್ಕದಿರಬೇಕು. ಇಲ್ಲವಾದರೆ ಮರದ ಒಂದೊಂದು ಎಲೆ ಬೋಗಿಯ ಚಾವಣಿಯಷ್ಟಾಗುತ್ತದೆ.

ಕಾಮಕಸ್ತೂರಿಯನ್ನು ತುದಿ ಚಿವುಟುತ್ತಾ ಬೆಳೆಸಿದರೆ ದುಂಡಗಿನ ಹುಣಸೆಮರದ ಗತ್ತು ಬರುತ್ತದೆ. ದವನ ಬೂದುಹಸಿರಿನ ಪೊದೆ. ಮರುಗ ಹಬ್ಬಿದ ಕುರುಚಲು. ರಾಗಿ, ನವಣೆ ಚೆಲ್ಲಿದರೆ ಹತ್ತು ದಿನದಲ್ಲಿ ಹಳಿಯ ಪಕ್ಕ ಹಸಿರು ಹೊಲ. ಗಿಡದ ಬುಡಕ್ಕೆ ಹಾಕಿದ ನೀರು ಹಳಿಯ ಕಡೆ ಹರಿಯದಂತೆ ಪಾತಿಯ ಇಳಿಜಾರು ಆಚೆ ಇರಲಿ.

ಗುಡ್ಡಕ್ಕೆ ಕಲ್ಲು ಹುಡುಕಬೇಕಿಲ್ಲ. ರಾಯದುರ್ಗದ ಕೋಟೆಬೆಟ್ಟದ ಸುತ್ತಮುತ್ತ ಬಂಡೆಗಳು ಹೇಗೆ ಒಂದರ ಮೇಲೊಂದು ಕೂತಿವೆ ಎಂದು ಒಮ್ಮೆ ನೋಡಿ ಬನ್ನಿ. ಹಾಗೆಯೇ ನಾಲ್ಕು ಗುಂಡುಕಲ್ಲು ಪೇರಿಸಿದರೆ ಆಯಿತು.

---

■ ಹಾಕುವ ಮುನ್ನ ನೋಡಿ ಬನ್ನಿ

● ಮೈಸೂರು ರೈಲ್ವೆ ಮ್ಯೂಸಿಯಂ: 1979ರಲ್ಲಿ ಆರಂಭ. ಮೀಟರ್‌ಗೇಜ್ ಹಬೆ ಎಂಜಿನ್ನುಗಳ ಚಕ್ರ, ಕೊಂಡಿಗಳನ್ನು ಮುಟ್ಟಿ ನೋಡಬಹುದು. 1899ರ ಮಹಾರಾಣಿ ಸಲೂನ್ ಇಲ್ಲಿಯ ಆಕರ್ಷಣೆ. ಮಕ್ಕಳಿಗೆ ಪುಟ್ಟ ರೈಲೂ ಇದೆ.

● ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ: 2020ರಲ್ಲಿ ತೆರೆಯಿತು. ಬಳ್ಳಾರಿ ಸೀಮೆಯವರಿಗೆ ಹತ್ತಿರದ್ದು.

● ಬೆಂಗಳೂರು ಕಬ್ಬನ್ ಪಾರ್ಕ್: ಬಾಲಭವನದ 'ಪುಟಾಣಿ ಎಕ್ಸ್‌ಪ್ರೆಸ್' ಹತ್ತಿ ಬೆಳೆದ ತಲೆಮಾರುಗಳೇ ಇವೆ.

● ಪುಣೆ: ಜೋಶಿಯವರ ಮಾದರಿ ರೈಲುಗಳ ಮ್ಯೂಸಿಯಂ, 1998ರಿಂದ. ಕೋಣೆಯೊಳಗಿನ ರೈಲುಲೋಕಕ್ಕೆ ಒಳ್ಳೆಯ ಮಾದರಿ.

● ನೀಲಗಿರಿ: ಮೆಟ್ಟುಪಾಳ್ಯಂ–ಊಟಿ ನಡುವಿನ 46 ಕಿ.ಮೀ. ಇಂದಿಗೂ ಮೀಟರ್‌ಗೇಜ್. ಹಲ್ಲುಹಳಿ ಹಿಡಿದು ಸುಮಾರು ಹನ್ನೆರಡಕ್ಕೊಂದರ ಏರು ಹತ್ತುತ್ತದೆ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

---

ಎಂಜಿನ್ನು ಕೊನೆಗೆ

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟ ಗಾಡಿಯ 14 ಬೋಗಿಗಳನ್ನು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನು ಎಳೆದವು. ಎಲ್ಲರ ನೆನಪಿನಲ್ಲಿ ಉಳಿದದ್ದು ಎಂಜಿನ್ನಿನ ಹೆಸರು. ಆ 34 ಕಿ.ಮೀ. ನೆಲವನ್ನು ಮಟ್ಟ ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಹಿತ್ತಲ ರೈಲಿನಲ್ಲೂ ಇದೇ ಪಕ್ಷಪಾತ. ಮಗ ಹಟ ಹಿಡಿಯುತ್ತಾನೆ, ಅಪ್ಪ ಮೊದಲು ಎಂಜಿನ್ನು ತರಿಸುತ್ತಾನೆ. ನೆಲ ಅಗೆಯುವ ಹೊತ್ತಿಗೆ ರಜೆಯೂ ದುಡ್ಡೂ ಮುಗಿದಿರುತ್ತದೆ. ಎಂಜಿನ್ನು ಶೋಕೇಸಿನ ಮೇಲೆ ಕೂರುತ್ತದೆ.

ಈ ಭಾಗದವರು ಪಾಠ ಕಲಿಯಲು ದೂರ ಹೋಗಬೇಕಿಲ್ಲ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಹಾದು ತುಮಕೂರಿಗೆ ಹೋಗುವ 207 ಕಿ.ಮೀ. ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2007–08ರಲ್ಲಿ. ಜಮೀನು, ಸರ್ವೆ, ಒಡ್ಡು, ಸೇತುವೆ, ಜಲ್ಲಿ, ಹಳಿ: ಒಂದಾದ ಮೇಲೊಂದು, ತುಂಡು ತುಂಡಾಗಿ ನಡೆದ ಕೆಲಸವನ್ನು ಊರವರೇ ಕಣ್ಣಾರೆ ಕಂಡಿದ್ದಾರೆ. ರೈಲು ಬರುವುದು ಎಲ್ಲ ಮುಗಿದ ಮೇಲೆ.

ಹಾಗಾಗಿ ಈ ರಜೆಯಲ್ಲಿ ಖರ್ಚು ಬೇಡ. ಹಿತ್ತಲಲ್ಲಿ ನಾಲ್ಕು ಗೂಟ ಹೊಡೆದು, ಹುರಿ ಎಳೆದು, ಸುಣ್ಣದ ಗೆರೆ ಹಾಕಿ. ಮಣ್ಣು ಎರೆಯೋ ಮಸಾರಿಯೋ ಮಗಳು ತೋಡಿ ಹೇಳಲಿ. ಒಂದು ಮಾರು ಪಟ್ಟಿಯನ್ನು ಬಿಸಿಲಿಗಿಟ್ಟು ಬೆಳಿಗ್ಗೆ, ಮಧ್ಯಾಹ್ನ ಎಷ್ಟು ಬಿಸಿಯಾಗುತ್ತದೆಂದು ಮಗ ಬರೆದಿಡಲಿ. ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತದೆಂದು ಅಜ್ಜಿಯನ್ನು ಕೇಳಿ, ಆಕೆಗೆ ಗೊತ್ತಿರುತ್ತದೆ. ಇಷ್ಟು ಮಾಡಿದರೆ ಸರ್ವೆ ಮುಗಿದಂತೆ. ಗರಸು ದಸರಾ ರಜೆಗೆ, ಹಳಿ ಸಂಕ್ರಾಂತಿಗೆ. ಎಂಜಿನ್ನು ಮುಂದಿನ ಬೇಸಿಗೆಗೆ ಬಂದರೂ ತಡವೇನಲ್ಲ. ರೈಲ್ವೆ ಇಲಾಖೆಗೆ ಹೋಲಿಸಿದರೆ ನೀವು ಬಿಫೋರ್ ಟೈಮ್!